ಕೆಡುವುದು, ಉಳಿಯುವುದು, ಮಾಗುವುದು

(ರಾಯಚೂರಿನಲ್ಲಿ ಓದುಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಫ್ರಾನ್ಸಿನ ಬೋರ್ಡೊ ಸೀಮೆಯ ಕೆಂಪು ವೈನಿನ ಗುಣವೇನು, ಅದು ವರ್ಷಗಟ್ಟಲೆ ಮಾಗುವುದು ಹೇಗೆ ಎಂಬುದು ಇಂದಿನ ನನ್ನ ವಿಷಯ. ರಾಯಚೂರಿನಲ್ಲಿ ಇದೆಂಥ ವಿಷಯ ಎಂದು ಕೆಲವರಿಗಾದರೂ ಅನ್ನಿಸದೆ ಇರದು. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಕುಡಿತ ಒಂದು ಮನೆಗೆ ಏನು ಮಾಡುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಕುಡಿಯಿರಿ ಎಂದಾಗಲಿ, ವೈನ್ ಕುಡಿಯುವುದು ನಾಗರಿಕತೆಯ ಲಕ್ಷಣ ಎಂದಾಗಲಿ ನಾನು ಹೇಳಹೊರಟಿಲ್ಲ.

ನನ್ನ ಕುತೂಹಲ ಬೇರೆ. ಕಾಲ ಎಂಬುದು ಎಲ್ಲ ಪದಾರ್ಥಗಳ ಮೇಲೂ ಕೆಲಸ ಮಾಡುತ್ತದೆ. ಒಂದನ್ನು ಕೆಡಿಸುತ್ತದೆ, ಇನ್ನೊಂದನ್ನು ಇದ್ದಂತೆ ಬಿಡುತ್ತದೆ, ಮತ್ತೊಂದನ್ನು ಮೊದಲಿಗಿಂತ ಚೆನ್ನಾಗಿ ಮಾಡುತ್ತದೆ. ಇದು ಏಕೆ ಹೀಗೆ? ಮಾಗುವ ಪದಾರ್ಥಕ್ಕೆ ಕಾಲ ಸೇರಿಸುವ ಬೆಲೆ ಕೊನೆಗೆ ಯಾರ ಕೈಗೆ ಹೋಗುತ್ತದೆ? ಬೋರ್ಡೊ ಸೀಮೆಗೆ ಇರುವ ಈ ಪ್ರಶ್ನೆ ಮಾನ್ವಿಯ ಭತ್ತದ ಗದ್ದೆಗೂ ಇದೆ.

ಸೇಂದಿ ಮತ್ತು ಹಗೇವು

ಕೆಡುವ ಪದಾರ್ಥದಿಂದಲೇ ಆರಂಭಿಸೋಣ. ನಮ್ಮ ಕಡೆ ಹಿಂದೆ ಮನೆಮಾತಾಗಿದ್ದ ಸೇಂದಿಯನ್ನು ನೋಡಿ. ಈಚಲು ಮರದಿಂದ ಬೆಳಗಿನ ಜಾವ ಇಳಿಸಿದಾಗ ಅದು ಸಿಹಿ ನೀರು. ಬಿಸಿಲೇರುತ್ತ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿ ಬದಲಿಸುತ್ತದೆ. ಅದರ ಬೆನ್ನಿಗೇ ಬೇರೆ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆ. ಸಂಜೆಗೆ ಘಾಟು, ಮರುದಿನಕ್ಕೆ ಹುಳಿ. ಸೇಂದಿಯಲ್ಲಿ ಮದ್ಯಸಾರ ಕಡಿಮೆ, ಹುಟ್ಟಿನಿಂದ ಬಂದ ಹುಳಿ ಕಡಿಮೆ, ಒಗರಂತೂ ಇಲ್ಲವೇ ಇಲ್ಲ. ಕಾಲವನ್ನು ತಡೆದು ನಿಲ್ಲಬಲ್ಲ ಯಾವ ಗುರಾಣಿಯೂ ಅದಕ್ಕಿಲ್ಲ. ಅದರ ಆಯುಸ್ಸು ಒಂದು ಹಗಲು.

ಇನ್ನು ಉಳಿಯುವ ಪದಾರ್ಥ. ಉತ್ತರ ಕರ್ನಾಟಕದ ಎರೆಸೀಮೆಯ ಹಳ್ಳಿಗಳಲ್ಲಿ ಹಗೇವು ಎಂದರೆ ಹಿರಿಯರಿಗೆ ಗೊತ್ತು. ನೀರು ನಿಲ್ಲದ ಗಟ್ಟಿ ನೆಲ ನೋಡಿ ತೋಡಿದ ಆಳವಾದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಕಣಿಕೆಯನ್ನೋ ಹುಲ್ಲನ್ನೋ ಹೊಂದಿಸಿ, ಜೋಳ ಸುರಿದು, ಮೇಲೆ ಬಂಡೆಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡುತ್ತ ಇದ್ದಬದ್ದ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಿತ್ತು. ಗಾಳಿಯಿಲ್ಲದೆ ಹುಳುಗಳು ಸಾಯುತ್ತಿದ್ದವು. ಹೀಗೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಊರಿನ ಜೀವ ಉಳಿಸುತ್ತಿದ್ದುದು ಅದೇ ಕಾಳು. ಹಗೇವು ತೆಗೆದ ಕೂಡಲೇ ಒಳಗಿಳಿಯಬಾರದು, ದೀಪ ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಇಳಿಯಬೇಕು ಎಂಬುದು ಹಿರಿಯರ ಕಟ್ಟಳೆ. ಅದನ್ನು ಮೀರಿ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಸೋಜಿಗವೆಂದರೆ ಯುರೋಪಿನ ವೈನ್ ತಯಾರಕರೂ ದ್ರಾಕ್ಷಿ ಹುದುಗುತ್ತಿರುವ ನೆಲಮಾಳಿಗೆಗೆ ಹೋಗುವಾಗ ಮೇಣದಬತ್ತಿ ಹಿಡಿದೇ ಇಳಿಯುತ್ತಿದ್ದರು. ಹುದುಗುವಾಗ ಹೊರಬರುವುದೂ ಅದೇ ಅನಿಲ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಗೇವಿನ ಜೋಳ ಉಳಿಯುತ್ತದೆ, ಉತ್ತಮವಾಗುವುದಿಲ್ಲ. ಅಂಚಿನ ಕಾಳು ಕಪ್ಪಾಗಿ ಮುಗ್ಗಲು ವಾಸನೆ ಹಿಡಿಯುವುದೂ ಇದೆ. ಅಲ್ಲಿ ಕಾಲವನ್ನು ಹೊರಗೆ ನಿಲ್ಲಿಸುವುದೇ ಗುರಿ. ಮಾಗಿಸುವವನು ಕಾಲವನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ, ಅಳತೆ ಹಿಡಿದು ಬಿಟ್ಟುಕೊಳ್ಳುತ್ತಾನೆ.

ಒಗರಿನ ಮಹಿಮೆ

ಈಗ ಬೋರ್ಡೊ ಸೀಮೆಗೆ ಬರೋಣ. ಅಟ್ಲಾಂಟಿಕ್ ಸಾಗರಕ್ಕೆ ಹತ್ತಿರವಾದ, ನದಿಗಳು ಹೊತ್ತು ತಂದ ನೊರಜುಗಲ್ಲಿನ ನೆಲ. ನಮ್ಮ ಎರೆಭೂಮಿ ನೀರನ್ನು ಹಿಡಿದಿಟ್ಟು ಹಿಂಗಾರಿ ಬಿಳಿಜೋಳವನ್ನು ಸಾಕುತ್ತದಷ್ಟೆ. ಮೆದೋಕ್ ಎಂಬ ಅಲ್ಲಿನ ಪ್ರಸಿದ್ಧ ಭಾಗದ ನೆಲ ಇದಕ್ಕೆ ತದ್ವಿರುದ್ಧ. ಮಳೆ ಬಿದ್ದಂತೆ ನೀರು ಇಳಿದುಹೋಗುತ್ತದೆ. ಬಳ್ಳಿ ಆಳಕ್ಕೆ ಬೇರಿಳಿಸಿ ಕಷ್ಟಪಟ್ಟು ಬದುಕಬೇಕು. ಹಾಗೆ ಕಷ್ಟಪಟ್ಟ ಬಳ್ಳಿಯ ಹಣ್ಣು ಸಣ್ಣದು, ಕಡಿಮೆ, ಆದರೆ ಸಾರವತ್ತಾದದ್ದು.

ಅಲ್ಲಿನ ಮುಖ್ಯ ತಳಿಗಳಲ್ಲಿ ಒಂದು ಕ್ಯಾಬರ್ನೆ ಸೋವಿನ್ಯೊ. ಕ್ಯಾಬರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿ ಮತ್ತು ಸೋವಿನ್ಯೊ ಬ್ಲಾಂ ಎಂಬ ಬಿಳಿ ದ್ರಾಕ್ಷಿ ಎಂದೋ ತಾವಾಗಿಯೇ ಬೆರೆತು ಇದು ಹುಟ್ಟಿತು ಎಂಬುದನ್ನು ಅಮೆರಿಕದ ವಿಜ್ಞಾನಿಗಳು 1990ರ ದಶಕದಲ್ಲಿ ಡಿಎನ್ಎ ಪರೀಕ್ಷೆಯಿಂದ ಕಂಡುಕೊಂಡರು. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ತಿನ್ನಲು ನಮ್ಮ ವಿಜಯಪುರದ ಬೀಜರಹಿತ ದ್ರಾಕ್ಷಿಯ ಮುಂದೆ ಇದು ಏನೂ ಅಲ್ಲ. ಆದರೆ ಆ ಸಿಪ್ಪೆ ಬೀಜಗಳಲ್ಲೇ ಎಲ್ಲ ಗುಟ್ಟು ಇದೆ.

ಕೆಂಪು ವೈನ್ ಮಾಡುವಾಗ ರಸವನ್ನಷ್ಟೇ ಹುದುಗಿಸುವುದಿಲ್ಲ. ಸಿಪ್ಪೆ, ಬೀಜ ಎಲ್ಲವನ್ನೂ ರಸದೊಡನೆ ದಿನಗಟ್ಟಲೆ ನೆನೆಯಬಿಡುತ್ತಾರೆ. ಬಣ್ಣ ಬರುವುದು ಸಿಪ್ಪೆಯಿಂದ. ಅದರ ಜೊತೆಗೆ ಟ್ಯಾನಿನ್ ಎಂಬ ವಸ್ತುವೂ ಇಳಿಯುತ್ತದೆ. ಟ್ಯಾನಿನ್ ಎಂದರೆ ಬೇರೇನಲ್ಲ, ನಮ್ಮ ಒಗರು. ಅಡಕೆ, ಕಾಚು, ಎಳೆ ಬಾಳೆಕಾಯಿ ಬಾಯಿಗೆ ಹಾಕಿಕೊಂಡಾಗ ನಾಲಿಗೆ ಒಣಗಿ ಬಿಗಿದಂತಾಗುತ್ತದಲ್ಲ, ಅದು ಎಂಜಲಿನ ಪ್ರೋಟೀನನ್ನು ಈ ವಸ್ತು ಹಿಡಿದುಕೊಳ್ಳುವುದರ ಪರಿಣಾಮ. ಜಾಲಿಯ ತೊಗಟೆಯನ್ನೂ ಆವರಿಕೆಯ ತೊಗಟೆಯನ್ನೂ ನೀರಲ್ಲಿ ಹಾಕಿ ಚರ್ಮ ಹದ ಮಾಡುತ್ತಿದ್ದವರು ಬಳಸಿದ್ದು ಇದೇ ಗುಣವನ್ನು. ಹಸಿ ಚರ್ಮ ಕೊಳೆಯದಂತೆ ಒಗರು ಅದನ್ನು ಕಾಯುತ್ತದೆ. ವೈನಿನಲ್ಲಿಯೂ ಅದು ಕಾವಲುಗಾರನೇ. ಬರುವ ಅಲ್ಪಸ್ವಲ್ಪ ಆಮ್ಲಜನಕವನ್ನು ತಾನು ಹಿಡಿದುಕೊಂಡು ಉಳಿದದ್ದನ್ನು ಕಾಯುತ್ತದೆ.

ಒಗರಿಗೆ ಜೊತೆಗಾರರು ಇಬ್ಬರು: ಹಣ್ಣಿನ ಹುಳಿ ಮತ್ತು ಶೇಕಡಾ 12ರಿಂದ 14ರಷ್ಟು ಇರುವ ಮದ್ಯಸಾರ. ಸೇಂದಿಗೆ ಇಲ್ಲದ ಗುರಾಣಿಗಳೆಲ್ಲ ಇದಕ್ಕೆ ಇವೆ. ಹೊಸ ವೈನನ್ನು 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ ಒಂದೂವರೆ ಎರಡು ವರ್ಷ ಇಡುತ್ತಾರೆ. ಮರದ ಮೂಲಕ ಗಾಳಿ ಅತಿ ನಿಧಾನವಾಗಿ ಒಳಸೇರುತ್ತದೆ. ಮರದ ಒಗರು, ಪರಿಮಳ ವೈನಿಗೆ ಬರುತ್ತದೆ. ಆಮೇಲೆ ಬಾಟಲಿ.

ಬಾಟಲಿಯಲ್ಲಿ ನಡೆಯುವ ಕೆಲಸ ಇನ್ನೂ ನಿಧಾನ. ಒಗರಿನ ಕಣಗಳು ಒಂದಕ್ಕೊಂದು ಕೂಡಿಕೊಂಡು, ಬಣ್ಣದ ಕಣಗಳನ್ನೂ ಸೇರಿಸಿಕೊಂಡು ದೊಡ್ಡವಾಗುತ್ತವೆ. ಸ್ವಭಾವ ಬದಲಾಗಿ ನಾಲಿಗೆ ಹಿಡಿಯುವ ಒರಟುತನ ತಗ್ಗುತ್ತದೆ. ತೀರ ದೊಡ್ಡವಾದವು ಕರಗಿ ಉಳಿಯಲಾರದೆ ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ವೈನನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸುವುದು ಈ ಗಸಿಯನ್ನು ಹಿಂದೆ ಬಿಡಲೆಂದೇ. ಎಳೆಯದಾಗಿದ್ದಾಗ ನೇರಳೆ ಹಣ್ಣಿನಂಥ ಕಡುಬಣ್ಣ. ಮಾಗುತ್ತ ಇಟ್ಟಿಗೆಯ ಕೆಂಪು. ಮೊದಲು ಕಪ್ಪು ಹಣ್ಣುಗಳ ವಾಸನೆ. ವರ್ಷಗಳು ಕಳೆದ ಮೇಲೆ ದೇವದಾರು ಮರ, ಹೊಗೆಸೊಪ್ಪು, ಹದ ಮಾಡಿದ ಚರ್ಮ, ಮಳೆ ನೆನೆದ ತರಗೆಲೆ ಇವುಗಳ ನೆನಪು ತರುವ ವಾಸನೆ. ನಡುವೆ ಕೆಲವು ವರ್ಷ ವೈನ್ ಮಂಕಾಗಿ ಯಾವ ವಾಸನೆಯನ್ನೂ ಬಿಟ್ಟುಕೊಡದೆ ಕೂರುವುದೂ ಉಂಟು. ಒಳ್ಳೆಯ ತೋಟ, ಒಳ್ಳೆಯ ವರ್ಷ ಎರಡೂ ಕೂಡಿಬಂದರೆ ಈ ಏರುಗತಿ ಇಪ್ಪತ್ತು ಮೂವತ್ತು ವರ್ಷ ನಡೆಯಬಹುದು. 1961 ಮತ್ತು 1982ರ ಬೋರ್ಡೊ ಬೆಳೆ ಈ ಕಾರಣಕ್ಕೇ ಹೆಸರಾದವು. ಆಮೇಲೆ ಇಳಿಗಾಲ. ಹಣ್ಣಿನ ಸಾರ ಸೋರಿ ಹುಳಿಯಷ್ಟೇ ಉಳಿಯುತ್ತದೆ.

ಹಳೆಯದಾದಷ್ಟೂ ವೈನ್ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ಲೋಕದಲ್ಲಿ ತಯಾರಾಗುವ ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಮುಗಿಸಬೇಕಾದದ್ದು. ಕಾಲ ಯಾವ ವೈನಿಗೂ ಇಲ್ಲದ ಗುಣವನ್ನು ತಂದುಕೊಡುವುದಿಲ್ಲ. ಹೊಲದಿಂದಲೂ ಹಣ್ಣಿನಿಂದಲೂ ಬಂದ ಗುಣವನ್ನು ಬಿಡಿಸಿ ತೋರಿಸುತ್ತದೆ, ಅಷ್ಟೆ.

ಬಾಟಲಿ ಮತ್ತು ಬಿರಡೆ

ಈ ಮಾಗುವಿಕೆಯ ಇತಿಹಾಸವೂ ಸ್ವಾರಸ್ಯದ್ದು. ರೋಮನ್ನರು ಒಳಗೆ ರಾಳ ಬಳಿದ ಮಣ್ಣಿನ ಜಾಡಿಗಳಲ್ಲಿ ವೈನ್ ಮುಚ್ಚಿಟ್ಟು ಹತ್ತಾರು ವರ್ಷ ಮಾಗಿಸುತ್ತಿದ್ದರು. ಅಂಥ ಜಾಡಿಗಳ ಚೂರುಗಳು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಿವೆ. ಜಾಡಿಗಳ ಬದಲು ಮರದ ಪೀಪಾಯಿ ಬಂದ ಮೇಲೆ ಆ ವಿದ್ಯೆ ಮರೆಯಾಯಿತು. ಮಧ್ಯಯುಗದ ಯುರೋಪಿನಲ್ಲಿ ಹೊಸ ವೈನಿಗೇ ಬೆಲೆ. ಮುಂದಿನ ಸುಗ್ಗಿಯ ಹೊತ್ತಿಗೆ ಹಳೆಯದು ಹುಳಿತು ಅಗ್ಗವಾಗುತ್ತಿತ್ತು.

ಇದನ್ನು ಬದಲಿಸಿದ್ದು ಎರಡು ಸಾಮಾನ್ಯ ವಸ್ತುಗಳು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಕುಲುಮೆಯಿಂದ ಗಟ್ಟಿ ಗಾಜಿನ ಬಾಟಲಿ ಬಂತು. ಅದರ ಬಾಯಿಗೆ ಕಾರ್ಕ್ ಮರದ ತೊಗಟೆಯ ಬಿರಡೆ ಬಂತು. 18ನೆಯ ಶತಮಾನದಲ್ಲಿ ಬಾಟಲಿ ಉದ್ದನೆಯ ಆಕಾರ ತಾಳಿದ ಮೇಲೆ ಅದನ್ನು ಮಲಗಿಸಿ ಇಡಲು ಸಾಧ್ಯವಾಯಿತು. ಮಲಗಿದ ಬಾಟಲಿಯಲ್ಲಿ ವೈನ್ ತಗುಲಿ ಬಿರಡೆ ಒಣಗದು, ಗಾಳಿ ನುಗ್ಗದು. ಅದರ ಹಿಂದಿನ ಕಾರಣವನ್ನು ಲೂಯಿ ಪಾಸ್ಚರ್ 1866ರಲ್ಲಿ ವೈನ್ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ: ವೈನನ್ನು ಕೆಡಿಸುವುದು ಸೂಕ್ಷ್ಮಜೀವಿ, ಮಾಗಿಸುವುದು ಮೆಲ್ಲಗೆ ಸೇರುವ ಆಮ್ಲಜನಕ.

ರಾಯಚೂರಿನ ಬಿಸಿಲು

ಮಾಗುವುದು ರಾಸಾಯನಿಕ ಕ್ರಿಯೆಯಾದ್ದರಿಂದ ಬಿಸಿ ಹೆಚ್ಚಿದಂತೆ ಅದರ ವೇಗವೂ ಹೆಚ್ಚುತ್ತದೆ. ವೈನಿಗೆ ಹಿತವಾದದ್ದು 12ರಿಂದ 14 ಡಿಗ್ರಿ. ನೆಲದ ಕೆಳಗೆ ಕೆಲವು ಮೀಟರ್ ಆಳದಲ್ಲಿ ವರ್ಷವಿಡೀ ಒಂದೇ ಉಷ್ಣತೆ ಇರುತ್ತದೆ. ಅದು ಆ ಊರಿನ ವಾರ್ಷಿಕ ಸರಾಸರಿಗೆ ಹತ್ತಿರ. ಬೋರ್ಡೊದಲ್ಲಿ ಆ ಸರಾಸರಿ ಸುಮಾರು 14 ಡಿಗ್ರಿ. ಅಂದರೆ ನೆಲಮಾಳಿಗೆ ತೋಡಿದರೆ ಸಾಕು, ಮಿಕ್ಕಿದ್ದನ್ನು ಭೂಮಿಯೇ ನೋಡಿಕೊಳ್ಳುತ್ತದೆ. ರಾಯಚೂರಿನಲ್ಲಿ ಅದೇ ಲೆಕ್ಕ 27 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ನಮ್ಮ ಹಗೇವು ಸ್ಥಿರವಾದದ್ದು, ತಂಪಾದದ್ದಲ್ಲ. ಜೋಳಕ್ಕೆ ಅಷ್ಟು ಸಾಕು, ವೈನಿಗೆ ಸಾಲದು. 40 ಡಿಗ್ರಿ ದಾಟುವ ಎರಡು ಬೇಸಿಗೆಯನ್ನು ಅಂಗಡಿಯ ಹಲಗೆಯ ಮೇಲೆ ಕಳೆದ ಬಾಟಲಿ ಮಾಗಿರುವುದಿಲ್ಲ, ಬೆಂದಿರುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಕೈಗೊಂಡವರು ಇದ್ದಾರೆ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳ ತೋಟವೆಬ್ಬಿಸಿ 1988ರಲ್ಲಿ ಸಂಸ್ಥೆ ಕಟ್ಟಿದರು. ಮುಂದೆ ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೊಲಾಂ ಅವರಿಗೆ ಸಲಹೆಗಾರರಾದರು. ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಇಟ್ಟ ಅವರ ‘ಲಾ ರಿಸರ್ವ್’ ಹೆಸರು ಮಾಡಿತು. ಹಂಪಿ ಕಡೆಯ ಬೆಟ್ಟಸಾಲಿನ ಕೃಷ್ಮಾ ಎಸ್ಟೇಟಿನ ಕ್ಯಾಬರ್ನೆಗೂ ಒಳ್ಳೆಯ ಹೆಸರಿದೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಆದರೂ ಒಂದು ತೊಡಕು ಉಳಿದಿದೆ. ಬೋರ್ಡೊದ ಹಣ್ಣು ಚಳಿ ಇಳಿಯುತ್ತಿರುವಾಗ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಪಕ್ವವಾಗುತ್ತದೆ. ನಮ್ಮದು ಬಿಸಿಲೇರುತ್ತಿರುವಾಗ, ಫೆಬ್ರುವರಿ ಮಾರ್ಚಿನಲ್ಲಿ. ಬಿಸಿಲಿಗೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಹುಳಿ ತಗ್ಗಿದರೆ ಆಯುಸ್ಸೂ ತಗ್ಗುತ್ತದೆ. ನಂದಿಯ ತೋಟಗಳು ಎತ್ತರವನ್ನು ಆಶ್ರಯಿಸಿರುವುದು ಈ ಕಾರಣಕ್ಕೆ.

ಹಳೆ ಅಕ್ಕಿಯ ಮರ್ಮ

ಹಾಗಾದರೆ ನಮ್ಮ ನೆಲದಲ್ಲಿ ಮಾಗುವ ಪದಾರ್ಥ ಇಲ್ಲವೇ? ಇದೆ, ದಿನವೂ ಉಣ್ಣುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿ ಸೀಮೆ ಭತ್ತದ ನಾಡಾಯಿತು. ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಹೊಲಗಳಿಗೂ ಕೃಷ್ಣೆಯ ನೀರು ಹರಿಯಿತು. ಇಲ್ಲಿನ ಸೋನಾ ಮಸೂರಿ ಅಕ್ಕಿಯನ್ನು ಕೊಳ್ಳುವ ಗೃಹಿಣಿ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ: ಹೊಸದೋ, ಹಳೆಯದೋ?

ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಗಂಜಿ ಹೆಚ್ಚು. ಆರು ತಿಂಗಳು, ವರ್ಷ ಇಟ್ಟ ಅಕ್ಕಿ ಹೆಚ್ಚು ನೀರು ಹೀರಿ ಅರಳುತ್ತದೆ, ಅಗುಳು ಅಗುಳಾಗಿ ನಿಲ್ಲುತ್ತದೆ. ವೈನಿನಂತೆ ಇಲ್ಲಿಯೂ ಒಳಗೆ ಕೆಲಸ ನಡೆದಿರುತ್ತದೆ. ಕಾಳಿನ ಪ್ರೋಟೀನ್ ಕಣಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಪಿಷ್ಟದ ಸುತ್ತ ಗಟ್ಟಿ ಬಲೆಯಾಗುತ್ತವೆ. ಕೊಬ್ಬು ಒಡೆದು ಅದರ ಅಂಶ ಪಿಷ್ಟದೊಡನೆ ಕೂಡಿಕೊಳ್ಳುತ್ತದೆ. ಹೀಗಾಗಿ ಬೇಯುವಾಗ ಕಾಳು ಒಡೆದು ಅಂಟಾಗುವುದಿಲ್ಲ. ಈ ಕ್ರಿಯೆಯೂ ಬಿಸಿಯಲ್ಲಿ ಬೇಗ, ತಂಪಿನಲ್ಲಿ ನಿಧಾನ. ವೈನನ್ನು ಬೇಯಿಸುವ ರಾಯಚೂರಿನ ಅದೇ ಬಿಸಿಲು ಅಕ್ಕಿಯನ್ನು ಮಾಗಿಸುತ್ತದೆ! ಇದಕ್ಕೂ ಇಳಿಗಾಲವಿದೆ. ತೀರ ಹಳೆಯದಾದರೆ ಕೊಬ್ಬು ಕಮಟಾಗುತ್ತದೆ, ಹುಳು ಬೀಳುತ್ತದೆ. ಅದಕ್ಕೂ ಒಣಗಿದ ಜಾಗ, ಸರಿಯಾದ ಅವಧಿ ಬೇಕು.

ಕಾಯುವವರು ಯಾರು?

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ಮಾಗಿಸುವುದಕ್ಕೆ ಬೇಕಾದ ಅತಿ ದುಬಾರಿ ಸಾಮಗ್ರಿ ಕಾಲ. ಕಾಯುವುದೆಂದರೆ ಹಣವನ್ನು ಸುಮ್ಮನೆ ಕೂರಿಸುವುದು; ಅದು ಎಲ್ಲರಿಗೂ ಸಾಧ್ಯವಲ್ಲ.

ಬೋರ್ಡೊದಲ್ಲಿಯೂ ಇದೇ ಕಥೆ. ಬೆಳೆದವರು ಹೊಸ ವೈನನ್ನು ಪೀಪಾಯಿಯಲ್ಲಿಯೇ ವರ್ತಕರಿಗೆ ಮಾರುತ್ತಿದ್ದರು. ಮಾಗಿಸಿ, ಬಾಟಲಿಗೆ ತುಂಬಿ, ಲಾಭ ಪಡೆಯುತ್ತಿದ್ದವರು ನದೀತೀರದ ಶಾರ್ತ್ರೋಂ ಕೇರಿಯ ಆ ವರ್ತಕರು. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಮಾಡಿದ ಪ್ರಸಿದ್ಧ ಶ್ರೇಣಿಪಟ್ಟಿ ಕೂಡ ದಲ್ಲಾಳಿಗಳು ಮಾರುಕಟ್ಟೆ ಬೆಲೆ ನೋಡಿ ಬರೆದದ್ದೇ. 1924ರಲ್ಲಿ ಮೂತೋನ್ ತೋಟದ ಯುವ ಒಡೆಯ ಫಿಲಿಪ್ ದ ರೋತ್‌ಶೀಲ್ಡ್ ತನ್ನ ಬೆಳೆಯನ್ನೆಲ್ಲ ತೋಟದಲ್ಲಿಯೇ ಬಾಟಲಿಗೆ ತುಂಬಿಸಿದ. ಬೆಳೆದವನು ಕಾಲದ ಬೆಲೆಯನ್ನು ತನ್ನ ಕೈಗೆ ತೆಗೆದುಕೊಳ್ಳುವ ಹಾದಿಯಲ್ಲಿ ಅದೊಂದು ದೊಡ್ಡ ಹೆಜ್ಜೆ. ಆಮೇಲೂ ಸುಗ್ಗಿಯ ಮುಂದಿನ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮುಂಗಡ ಮಾರುವ ಪದ್ಧತಿ ಬಲವಾಗಿ ಬೆಳೆಯಿತು. 2012ರಲ್ಲಿ ಲಾತೂರ್ ತೋಟ, ಮಹಾರಾಷ್ಟ್ರದ ಲಾತೂರಲ್ಲ, ಮೆದೋಕಿನ ಲಾತೂರ್, ಇನ್ನು ಮುಂಗಡ ಮಾರುವುದಿಲ್ಲ, ಮಾಗಿದ ಮೇಲೆಯೇ ಹೊರಬಿಡುತ್ತೇವೆ ಎಂದು ಘೋಷಿಸಿತು. ಅದರ ಒಡೆಯರು ಫ್ರಾನ್ಸಿನ ಅತಿ ಸಿರಿವಂತರಲ್ಲಿ ಸೇರಿದವರು ಎಂಬುದನ್ನು ಮರೆಯಬಾರದು. ಅದೇ ಸೀಮೆಯ ಸಣ್ಣ ಬೆಳೆಗಾರರಿಗೆ ಬೆಲೆ ಸಿಗದೆ, 2023ರಲ್ಲಿ ಬಳ್ಳಿ ಕೀಳಲು ಸರ್ಕಾರವೇ ಹಣ ಕೊಡುವ ಯೋಜನೆ ಬಂತು. ಒಂದೇ ಸೀಮೆ, ಕಾಯಬಲ್ಲವನ ಬದುಕು ಒಂದು, ಕಾಯಲಾಗದವನದು ಇನ್ನೊಂದು.

ಇದನ್ನು ಮಾನ್ವಿಗೆ ತಂದು ನೋಡಿ. ಬಿತ್ತುವಾಗ ಬೀಜ ಗೊಬ್ಬರಕ್ಕೆ ಸಾಲ, ಕೊಯ್ಯುವಾಗ ಯಂತ್ರದ ಬಾಡಿಗೆ, ಕೊನೆಭಾಗದ ರೈತನಿಗೆ ಕಾಲುವೆ ನೀರಿನ ಚಿಂತೆ. ರಾಶಿಯಾದ ಭತ್ತ ಕಣದಿಂದ ನೇರ ಮಾರುಕಟ್ಟೆಗೆ ಹೋಗಲೇಬೇಕು. ಎಲ್ಲರೂ ಒಮ್ಮೆಗೇ ತಂದಾಗ ಬೆಲೆ ಇಳಿಯುವುದು ಸಹಜ. ಹೊಸ ಭತ್ತವಾಗಿ ಕೊಂಡದ್ದು ಗೋದಾಮಿನಲ್ಲಿ ಮಾಗಿ, ಹಳೆ ಅಕ್ಕಿಯಾಗಿ ಹೆಚ್ಚಿನ ಬೆಲೆಗೆ ಹೊರಬರುತ್ತದೆ. ಗಿರಣಿಯವರು ಇದರಲ್ಲಿ ಮೋಸ ಮಾಡಿದರು ಎನ್ನಲಾಗದು. ಅವರು ಬಂಡವಾಳ ಹಾಕಿ ಕಾಯುತ್ತಾರೆ, ಕಾದದ್ದಕ್ಕೆ ಫಲ ಪಡೆಯುತ್ತಾರೆ. ಆದರೆ ಬೆಳೆದವನಿಗೆ ಆ ಫಲದಲ್ಲಿ ಪಾಲಿಲ್ಲ. ಕೆಲವೊಮ್ಮೆ ತಾನೇ ಬೆಳೆದ ಅಕ್ಕಿಯನ್ನು ಅವನೇ ಹಳೆ ಅಕ್ಕಿಯ ಬೆಲೆ ಕೊಟ್ಟು ತರುತ್ತಾನೆ.

ದಾರಿ ಇಲ್ಲದಿಲ್ಲ. 2007ರ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಾಯಿತ ಉಗ್ರಾಣದಲ್ಲಿ ಧಾನ್ಯವಿಟ್ಟವನಿಗೆ ಸಿಗುವ ರಸೀದಿಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ಪಡೆಯಬಹುದು. 2017ರಿಂದ ಆ ರಸೀದಿ ಕಂಪ್ಯೂಟರಿನಲ್ಲಿಯೇ ದೊರೆಯುತ್ತದೆ. ಕೃಷಿ ಮಾರುಕಟ್ಟೆ ಸಮಿತಿಗಳಲ್ಲಿ ಅಡಮಾನ ಸಾಲದ ವ್ಯವಸ್ಥೆಯೂ ಉಂಟು. ಕೈಸಾಲ ತೀರಿಸಲು ಹಣ, ಭತ್ತ ಮಾಗಲು ಸಮಯ ಎರಡೂ ಒಟ್ಟಿಗೆ ದೊರೆಯುವ ಉಪಾಯವಿದು. ಎರಡು ಎಕರೆಯ ರೈತ ಹತ್ತು ಚೀಲ ಹೊತ್ತು ಒಬ್ಬನೇ ಉಗ್ರಾಣಕ್ಕೆ ಹೋಗುವುದು ಕಷ್ಟ. ಊರಿನ ಸಹಕಾರ ಸಂಘವೋ, ಹೆಣ್ಣುಮಕ್ಕಳ ಸ್ವಸಹಾಯ ಗುಂಪೋ ಒಟ್ಟಾಗಿ ಮಾಡಿದರೆ ಅದು ನಡೆಯುವ ಕೆಲಸ. ಹಗೇವು ತೋಡುವುದನ್ನೂ ಮುಚ್ಚುವುದನ್ನೂ ನಮ್ಮ ಹಿರಿಯರು ಕೂಡಿಯೇ ಮಾಡುತ್ತಿದ್ದರು.

ಬೋರ್ಡೊದ ಬೆಳೆಗಾರರು ಪೀಪಾಯಿಯಿಂದ ಬಾಟಲಿಗೆ ಬರಲು, ತಮ್ಮ ಬೆಳೆಯ ಮೇಲೆ ತಮ್ಮ ಹೆಸರು ಅಂಟಿಸಲು ತಲೆಮಾರುಗಳೇ ಹಿಡಿದವು. ಮಾನ್ವಿಯ ಅಕ್ಕಿಯ ಚೀಲದ ಮೇಲೆ ಬೆಳೆದ ಊರಿನ ಹೆಸರೂ ಕೊಯ್ದ ವರ್ಷವೂ ಅಚ್ಚಾಗಿರುವ ದಿನ ಬಂದರೆ, ಅದನ್ನು ಕೊಳ್ಳುವ ಗೃಹಿಣಿ ಹೊಸದೋ ಹಳೆಯದೋ ಎಂದು ಕೇಳಬೇಕಾಗಿಲ್ಲ; ಓದಿಕೊಂಡರಾಯಿತು. ಆ ಚೀಲಕ್ಕೆ ಸಿಗುವ ಹೆಚ್ಚಿನ ಬೆಲೆಯಲ್ಲಿ ಬೆಳೆದ ಮನೆಯ ಪಾಲೂ ಇರಬೇಕು ಎಂಬುದಷ್ಟೇ ನನ್ನ ಆಸೆ.